ಕಿಟಕಿಯಲ್ಲಿ ಕೂತ ನನ್ನ ಅತ್ತೆಯವರನ್ನು ಆಂಬುಲೆನ್ಸಿಗೆ ಹತ್ತಿಸುವ ಮುನ್ನ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಾಡಿದ್ದು ಬೆಳಿಗ್ಗೆ ನಿಮ್ಮ ಆಂಬುಲೆನ್ಸು ನಮ್ಮ ಮನೆ ಬಾಗಿಲಿಗೆ ಬಂದು, ನನ್ನ ಅತ್ತೆಯವರನ್ನು ಊರಾಚೆಯ ‘ಹಿರಿಯರ ನಿಗಾ ಕೇಂದ್ರ’ಕ್ಕೆ ಸಾಗಿಸಲಿದೆ ಎಂಬ ಆದೇಶ ನಮ್ಮ ಕೈಸೇರಿದೆ. ಅವರಿಗೆ ಜ್ವರವಿಲ್ಲ, ಕೆಮ್ಮಿಲ್ಲ. ನೀವೇ ಎರಡು ಸಲ ಮೂಗಿಗೆ ಕಡ್ಡಿ ತೂರಿಸಿ ನೋಡಿದ್ದೀರಿ. ಎರಡು ಸಲವೂ ಸೋಂಕಿಲ್ಲವೆಂದು ನಿಮ್ಮದೇ ಪ್ರಯೋಗಾಲಯ ಹೇಳಿದೆ. ಆದರೂ ಅವರು ಹೋಗಲೇಬೇಕು. ಯಾಕೆಂದರೆ, ತಮ್ಮ ಆದೇಶದ ಮಾತಿನಲ್ಲೇ ಹೇಳುವುದಾದರೆ, ‘ಸದರಿ ವೃದ್ಧೆಯು ಪ್ರಶ್ನೆಗಳಿಗೆ ಅಸಂಬದ್ಧ ಉತ್ತರ ನೀಡುತ್ತಿದ್ದು, ಕಿಟಕಿಯ ಬಳಿ ಕುಳಿತು ಯಾರೂ ಇಲ್ಲದೆಡೆ ಬಾಯಿ ಆಡಿಸುತ್ತ ನಗುತ್ತಿರುವುದರಿಂದ, ಮನೆಯಲ್ಲಿದ್ದು ನಿಯಮ ಪಾಲಿಸಲು ಅಸಮರ್ಥರು’. ಬರೆದವರ ಭಾಷೆ ಸೊಗಸಾಗಿದೆ. ಅದರಲ್ಲಿ ನಿಜ ಎಂಬುದು ಒಂದು ಚೂರೂ ಇಲ್ಲ ಎನ್ನುವುದಷ್ಟೇ ನನ್ನ ತಕರಾರು. ಕಚೇರಿಗೆ ಕಳಿಸಿದ ಅರ್ಜಿಗಳೆಲ್ಲ ಸ್ಯಾನಿಟೈಸರಿನಲ್ಲಿ ನೆನೆದು ಕರಗಿಹೋದಂತೆ ಕಾಣುತ್ತದೆ. ಹಾಗಾಗಿ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಸ್ಕಿನ ವಿರೋಧಿಯಲ್ಲ. ಡ್ರೈವಿಂಗ್ ಸ್ಕೂಲ್ ನಡೆಸುವವನು ನಾನು. ನಿಯಮ ಪಾಲಿಸಿ ಎಂದು ಬಾಯಿ ಬಡಿದುಕೊಳ್ಳುವುದೇ ನನ್ನ ಹೊಟ್ಟೆಪಾಡು. ಕಲಿಯುವವರಿಗೆಂದೇ ಹೇಳಿ ಮಾಡಿಸಿದ ಹಾಗೆ ರಸ್ತೆಗಳೆಲ್ಲ ಖಾಲಿ ಬಿದ್ದಿರುವ ಹೊತ್ತಿನಲ್ಲಿ, ಕಲಿಯುವವರೇ ಹೊರಗೆ ಬರುವಂತಿಲ್ಲ ಎಂಬುದನ್ನೂ ತೆಪ್ಪಗೆ ನುಂಗಿಕೊಂಡಿದ್ದೇನೆ. ತರಕಾರಿಗೆ ಹೊರಟಾಗ ನನ್ನನ್ನು ನೀವು ನೋಡಬೇಕಿತ್ತು. ಹಳೆಯ ದಿಂಬಿನ ಚೀಲ ಕತ್ತರಿಸಿ ಹೆಂಡತಿ ಹೊಲಿದ ಮಾಸ್ಕು, ಅದರ ಮೇಲೆ ಸ್ಕೂಟರಿನ ಹೆಲ್ಮೆಟ್ಟು, ಕೈಗೆ ಪಾತ್ರೆ ತೊಳೆಯುವ ಗ್ಲೌಸು. ಎದುರಿಗೆ ಯಾರಾದರೂ ಬಂದರೆ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಮನೆಗೆ ಬಂದರೆ ಬಾಗಿಲಲ್ಲೇ ತಡೆ. “ರೀ, ಅಲ್ಲೇ ನಿಂತ್ಕೊಳ್ಳಿ! ಏನೂ ಮುಟ್ಬೇಡಿ! ಮೊದ್ಲು ಆಲೂಗಡ್ಡೆಗೆ ಸ್ನಾನ, ಆಮೇಲೆ ನಿಮ್ಗೆ!” ಆಲೂಗಡ್ಡೆಗೆ ಬಿಸಿನೀರು ಸಿಗುತ್ತಿತ್ತು, ನನಗೆ ಉಳಿದದ್ದು. ಇಷ್ಟೆಲ್ಲ ಮಾಡಿದ ಮನೆಯನ್ನೇ ನೀವು ತಗಡು ಬಡಿದು ಮುಚ್ಚಿಸಿದಿರಿ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ನನ್ನ ಅತ್ತೆಯವರ ವಿಷಯ. ಅವರು ನೂಲಿನ ಗಿರಣಿಯಲ್ಲಿ ದುಡಿದವರು. ಅಕ್ಷರ ಕಲಿಯುವ ವಯಸ್ಸಿಗೆ ಗಿರಣಿಗೆ ಸೇರಿ, ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದರು. ಗಿರಣಿಯೊಳಗೆ ಸಾಲಾಗಿ ನಿಂತ ಯಂತ್ರಗಳ ಸದ್ದಿಗೆ ಪಕ್ಕದಲ್ಲಿದ್ದವರು ಕೂಗಿಕೊಂಡರೂ ಕೇಳುವುದಿಲ್ಲ. ಹಾಗಂತ ಅಷ್ಟು ಜನ ಹೆಂಗಸರು ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡು ಇರುತ್ತಾರೆಯೇ? ಅವರೆಲ್ಲ ಧ್ವನಿಯನ್ನು ಬಿಟ್ಟುಕೊಟ್ಟು ಮಾತನ್ನು ಉಳಿಸಿಕೊಂಡರು. ತುಟಿಯನ್ನು ಅಗಲವಾಗಿ, ನಿಧಾನವಾಗಿ ಆಡಿಸುವುದು. ಆ ತುದಿಯಲ್ಲಿರುವವರು ಅದನ್ನು ನೋಡಿ ತಿಳಿಯುವುದು. ಮೇಸ್ತ್ರಿಯನ್ನು ಅವನ ಬೆನ್ನ ಹಿಂದೆಯೇ ಬೈಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲವಂತೆ. ಮದುವೆ ಮಾತುಕತೆ, ಮನೆ ಜಗಳ, ಹೆರಿಗೆಯ ಸುದ್ದಿ ಎಲ್ಲವೂ ಹೀಗೆಯೇ ನಡೆದವು. ಯಂತ್ರಗಳು ಆ ವಿದ್ಯೆಯನ್ನು ಕೊಟ್ಟು, ಬದಲಿಗೆ ಅತ್ತೆಯವರ ಕಿವಿಯನ್ನು ತೆಗೆದುಕೊಂಡವು. ಈ ಎರಡನೆಯ ವಿಷಯವನ್ನು ಮಾತ್ರ ಅವರು ಇವತ್ತಿನವರೆಗೂ ಒಪ್ಪಿಕೊಂಡಿರಲಿಲ್ಲ. “ನನ್ಗೆ ಕಿವಿ ಚೆನ್ನಾಗೇ ಕೇಳತ್ತೆ. ಈಗಿನ ಕಾಲದವ್ರಿಗೆ ಮಾತಾಡೋಕೆ ಬರಲ್ಲ ಅಷ್ಟೇ” ಎನ್ನುವುದು ಅವರ ಖಾಯಂ ಮಾತು.

ನಮ್ಮ ಮನೆಯಲ್ಲಿ ಅವರ ಎದುರಿಗೆ ನಿಂತೇ ಮಾತಾಡಬೇಕು. ಕರೆಯುವುದಿದ್ದರೆ ಲೈಟನ್ನು ಒಮ್ಮೆ ಆರಿಸಿ ಮತ್ತೆ ಹಾಕಬೇಕು. ಇದೆಲ್ಲ ನಮಗೆ ಉಸಿರಾಡಿದಷ್ಟು ಸಹಜವಾಗಿ ಹೋಗಿ, ಅವರಿಗೆ ಎಷ್ಟು ಕೇಳುತ್ತದೆ ಎಂದು ಯೋಚಿಸುವುದನ್ನೇ ನಾವು ಬಿಟ್ಟಿದ್ದೆವು. ಲಾಕ್‌ಡೌನ್ ಬಂದು ಕ್ಷೌರದಂಗಡಿ ಮುಚ್ಚಿತಲ್ಲ, ನನ್ನ ಮೀಸೆ ಬೆಳೆದು ತುಟಿಯನ್ನು ಮುಚ್ಚಿತು. ಅತ್ತೆಯವರು ಮಗಳನ್ನು ಕರೆದು, “ಅಳಿಯಂದ್ರಿಗೆ ನನ್ ಮೇಲೆ ಯಾಕೆ ಕೋಪ? ಮಾತೇ ಬಿಟ್ಬಿಟ್ಟಿದಾರೆ” ಎಂದು ಕಣ್ಣೊರೆಸಿಕೊಂಡರು. ನಾನು ದಿನವೂ ಎದುರಿಗೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದೆ ಸ್ವಾಮಿ! ಹೆಂಡತಿ ಅಡುಗೆಮನೆಯ ಕತ್ತರಿ ತಂದು ನನ್ನ ಮೀಸೆಯನ್ನು ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಕತ್ತರಿಸಿದ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು.

ಆದರೆ ಬೀದಿಯವರ ಮಾಸ್ಕಿನ ಮೀಸೆಗಳನ್ನು ಕತ್ತರಿಸುವವರು ಯಾರು? ಒಂದು ದಿನ ಹಟ ಹಿಡಿದು ಅವರು ನನ್ನೊಂದಿಗೆ ಮೂಲೆಯ ದಿನಸಿ ಅಂಗಡಿಗೆ ಬಂದರು. ನಾನು ಸುಣ್ಣದ ವೃತ್ತದಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ, ಅವರು ಮುಂದಿನ ವೃತ್ತದಲ್ಲಿದ್ದರು. ಮಾಸ್ಕ್ ಹಾಕಿದ ಅಂಗಡಿಯವರು “ಉಪ್ಪು ಕೊಡ್ಲಾ ಅಮ್ಮಾ?” ಎಂದರು, ಇವರು ನಕ್ಕು “ಹೂಂ” ಎಂದರು. “ಇನ್ನೊಂದು?” “ಹೂಂ.” “ಇನ್ನೂ ಬೇಕಾ?” “ಹೂಂ ಹೂಂ.” ಕೇಳದ ಮಾತಿಗೆ ನಗುತ್ತ ಹೂಂಗುಟ್ಟುವುದು ಅವರ ಮರ್ಯಾದೆ. ನಮ್ಮ ಮನೆಯಲ್ಲೀಗ ಒಂದು ಸಣ್ಣ ಸಮುದ್ರ ಮಾಡುವಷ್ಟು ಉಪ್ಪಿದೆ. ಉಪ್ಪಿಗೆ ಬರ ಬರಲಿದೆಯೆಂದು ಡ್ರೈವಿಂಗ್ ಮೇಷ್ಟ್ರಿಗೆ ಹೇಗೋ ಸುಳಿವು ಸಿಕ್ಕಿದೆ ಎಂದು ಬೀದಿಯ ಉಳಿದವರೂ ಅಂದೇ ಉಪ್ಪಿಗೆ ಮುಗಿಬಿದ್ದರು.

ಇದೇ ಹೂಂಕಾರ ನಿಮ್ಮ ಸಮೀಕ್ಷೆಗೂ ಸಿಕ್ಕಿತು. ನಿಮ್ಮ ಕಾರ್ಯಕರ್ತೆ ಬಂದಾಗ ಹೆಂಡತಿ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ನಾನು ಹೊರಗೆ ಹೋಗಿದ್ದೆ. ಅತ್ತೆಯವರು ಗೇಟಿನ ಬಳಿ ಬಿಸಿಲಿಗೆ ಕೂತಿದ್ದರು. ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡು, ಬೆವರಿನಲ್ಲಿ ತೊಯ್ದು, ಮನೆಮನೆ ಸುತ್ತಿ ಸುಸ್ತಾಗಿದ್ದರು. ಜ್ವರ ಇದೆಯಾ ಅಜ್ಜಿ? ಹೂಂ. ಕೆಮ್ಮು? ಹೂಂ. ಉಸಿರಾಟಕ್ಕೆ ತೊಂದರೆ? ಹೂಂ ಹೂಂ. ಹೊರದೇಶದಿಂದ ಬಂದವರ ಜೊತೆ ಇದ್ರಾ? ಅತ್ತೆಯವರು ಇದಕ್ಕೂ ಹೂಂ ಅಂದು, ಜೊತೆಗೆ “ನೀವು ನೀರು ಕುಡೀತೀರಾ?” ಎಂದೂ ಕೇಳಿದರಂತೆ. ಉಸಿರಾಡಲು ತೊಂದರೆಯಿರುವ ಮುದುಕಿ ಎದ್ದು ಹೋಗಿ ನೀರು ತಂದುಕೊಟ್ಟರೂ ನಿಮ್ಮ ಟ್ಯಾಬಿನ ಲೆಕ್ಕದಲ್ಲಿ ಅದಕ್ಕೊಂದು ಜಾಗವಿರಲಿಲ್ಲ. ಸಂಜೆಯಾಗುವುದರೊಳಗೆ ತಗಡು ಬಂತು, ಮೊಳೆ ಬಂತು, ಬಾಗಿಲಿಗೆ ಕೆಂಪು ಚೀಟಿ ಬಂತು. ಚೀಟಿಯನ್ನು ತಲೆಕೆಳಗಾಗಿ ಅಂಟಿಸಿ ಹೋದರು.

ನಿಮ್ಮ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. “ಅವ್ರಿಗೆ ಏನೂ ಆಗಿಲ್ಲ, ಸುಮ್ನೆ ಹೂಂ ಅಂದಿದಾರೆ” ಎಂದೆ. “ಅವರೇ ಬಾಯಾರೆ ಒಪ್ಕೊಂಡಿದಾರಲ್ಲ ಸಾರ್, ನೀವ್ಯಾಕೆ ಮುಚ್ಚಿಡ್ತೀರಿ?” ಎಂದರು. ಎರಡು ಪರೀಕ್ಷೆಯೂ ಆದ ಮೇಲೆ ಮತ್ತೆ ಫೋನ್ ಮಾಡಿ, ಏನೂ ಬರಲಿಲ್ಲವಲ್ಲ ಎಂದರೆ, “ಹಾಗಾದ್ರೆ ಯಾಕೆ ಹೂಂ ಅಂದ್ರು? ತಲೆ ಸರಿಯಿಲ್ವಾ?” ಎಂದರು. ತಲೆಯ ಪರೀಕ್ಷೆಗೆ ಒಂದು ತಂಡ ಬಂತು. ಆಪಾದಮಸ್ತಕ ಬಿಳಿ ಚೀಲದೊಳಗೆ ಹೊಕ್ಕ ಮೂವರು ಹೊಸ್ತಿಲಾಚೆ ನಿಂತು, “ಇವತ್ತು ಯಾವ ವಾರ ಅಜ್ಜಿ?” ಎಂದರು. “ಆಯ್ತಪ್ಪ ಊಟ, ನಿಮ್ದು?” ಎಂದರು ಅತ್ತೆಯವರು. ಒಳಗೆ ನಿಂತಿದ್ದ ನನ್ನ ಹೆಂಡತಿ ತಡೆಯಲಾರದೆ ಮುಂದೆ ಬಂದು, “ಅಮ್ಮನಿಗೆ ಕಿವಿ ಕೇಳಲ್ಲ, ಅದಕ್ಕೇ ಹೀಗಂತಾರೆ” ಎಂದು ಬಿಡಿಸಿ ಹೇಳಿದಳು. ಮಗಳ ಮುಖಕ್ಕೆ ಮಾಸ್ಕ್ ಇರಲಿಲ್ಲ. ಅತ್ತೆಯವರು ಅವಳ ತುಟಿ ನೋಡಿದ್ದೇ ತಡ, ಕೆಂಡಾಮಂಡಲವಾಗಿ, “ಯಾರಿಗೇ ಕೇಳಲ್ಲ? ನನ್ಗೆ ಚೆನ್ನಾಗೇ ಕೇಳತ್ತೆ!” ಎಂದು ಮನೆ ಹಾರಿಹೋಗುವಂತೆ ಕೂಗಿದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೆದುಕೊಂಡರು: ಶ್ರವಣಶಕ್ತಿ ಸಹಜ, ಉತ್ತರಗಳು ಅಸಹಜ. ಹೇಳಿ, ಇದಕ್ಕಿಂತ ತರ್ಕಬದ್ಧವಾದ ತಪ್ಪನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಇನ್ನು ಕಿಟಕಿಯ ಬಳಿ ಬಾಯಿ ಆಡಿಸುವ ವಿಷಯ. ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಗಿರಣಿಯ ಗೆಳತಿ ಇದ್ದಾರೆ. ಒಂದೇ ಸಾಲಿನ ಯಂತ್ರಗಳಲ್ಲಿ ಎದುರುಬದುರು ನಿಂತು ದುಡಿದವರು. ಇಡೀ ಊರು ಫೋನು ಹಿಡಿದು “ಹಲೋ, ಕೇಳಿಸ್ತಾ ಇದೆಯಾ?” ಎಂದು ಒದ್ದಾಡುತ್ತಿರುವಾಗ, ಈ ಇಬ್ಬರು ಬೀದಿಯ ಆಚೀಚೆ ಕೂತು ಸದ್ದಿಲ್ಲದೆ, ಅಂತರ ಪಾಲಿಸಿಕೊಂಡು, ಸಂಸಾರದ ಸಮಸ್ತವನ್ನೂ ಮಾತಾಡುತ್ತಾರೆ. ನಡುನಡುವೆ ಬಿದ್ದು ಬಿದ್ದು ನಗುತ್ತಾರೆ. ನಿಮ್ಮ ತಂಡ ಬೀದಿಗಿಳಿದು ನಮ್ಮ ಮಹಡಿಯ ಕಿಟಕಿಯತ್ತ ತಲೆಯೆತ್ತಿ ನೋಡಿದಾಗ ಆ ಗೆಳತಿ ಒಲೆ ಆರಿಸಲು ಒಳಗೆ ಹೋಗಿದ್ದರು. ಒಲೆ ಆರಿಸಲು ಹೋಗುವಷ್ಟು ಹೊತ್ತಿನಲ್ಲಿ ನನ್ನ ಅತ್ತೆಯವರು ಹುಚ್ಚರಾದರು.

ಇದರಲ್ಲಿ ನಗು ಬರುವುದು ಇಲ್ಲಿಯವರೆಗೆ. ಆ ಕೇಂದ್ರದಲ್ಲಿ ಮನೆಯವರು ನೋಡಲು ಬರುವಂತಿಲ್ಲ. ಅಲ್ಲಿರುವವರೆಲ್ಲರೂ ಬಿಳಿ ಚೀಲದೊಳಗೆ ಇರುತ್ತಾರೆ. ಅಲ್ಲಿ ಯಾರಿಗೂ ತುಟಿಗಳಿಲ್ಲ. ಊಟಕ್ಕೆ ಕರೆದರೆ ಇವರಿಗೆ ತಿಳಿಯುವುದಿಲ್ಲ, ನೋವಾಗುತ್ತಿದೆಯಾ ಎಂದರೆ ತಿಳಿಯುವುದಿಲ್ಲ, ಯಾವ ಮಾತ್ರೆಗೂ ಹೂಂ, ಯಾವ ಸೂಜಿಗೂ ಹೂಂ. ಜೀವಮಾನವೆಲ್ಲ ಅಷ್ಟು ಸದ್ದಿನ ನಡುವೆಯೂ ಒಂದು ದಿನವೂ ಒಂಟಿಯಾಗದ ಹೆಂಗಸು, ಜನ ತುಂಬಿದ ಕೋಣೆಯಲ್ಲಿ ಒಂಟಿಯಾಗುತ್ತಾರೆ. ನನಗೆ ಭಯವಾಗುತ್ತಿದೆ. ಹೆಂಡತಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ತಾಯಿಗೆ ಅಳು ಹೇಗಿದ್ದರೂ ಕೇಳಿಸುವುದಿಲ್ಲ ಎಂಬುದು ಅವಳಿಗೆ ಆ ಹೊತ್ತಿನಲ್ಲಿ ನೆನಪಿರುವುದಿಲ್ಲ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ. ನಿನ್ನೆ ತಾವೇ ಖುದ್ದಾಗಿ ಸ್ಥಳ ಪರಿಶೀಲನೆಗೆ ಬಂದಿದ್ದಿರಿ. ಪರಿಶೀಲನೆ ಜೀಪಿನೊಳಗೇ ನಡೆಯಿತು, ಕಾರಣ ಹೊರಗೆ ಬಿಸಿಲಿತ್ತು. ಜೀಪು ತಂದವನು ನನ್ನದೇ ಹಳೆಯ ವಿದ್ಯಾರ್ಥಿ, ಈಗಲೂ ಇಂಡಿಕೇಟರ್ ಹಾಕದೆ ತಿರುಗಿಸುತ್ತಾನೆ. ಗಾಜು ಏರಿಸಿಕೊಂಡು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ತಾವು ಏನೋ ಮಾತಾಡುತ್ತಿದ್ದಿರಿ. ಕಿಟಕಿಯಲ್ಲಿ ಕೂತಿದ್ದ ಅತ್ತೆಯವರು ತಾವು ಹೋದ ಮೇಲೆ ಎಲ್ಲವನ್ನೂ ಒಪ್ಪಿಸಿದರು. ತಾವು ಚಾಲಕನಿಗೆ, “ಈ ಅಜ್ಜಿನ ಸಾಗಹಾಕಿಬಿಟ್ರೆ ಈ ಬೀದಿ ತಂಟೆ ಮುಗೀತು ನೋಡಪ್ಪ” ಎಂದಿರಿ. ಆಮೇಲೆ ಟೋಪಿಯನ್ನು ತುಸು ಎತ್ತಿ, “ಮನೇಲಿ ಹೆಂಡ್ತಿ ಕಟಿಂಗ್ ಮಾಡಿದಾಳೆ, ಮೀಟಿಂಗಲ್ಲಿ ಕೂಡ ಇದನ್ನ ತೆಗೆಯೋ ಹಾಗಿಲ್ಲ” ಎಂದಿರಿ. ಇದು ಅಸಂಬದ್ಧವೇ? ದಯವಿಟ್ಟು ಟೋಪಿ ತೆಗೆದು ಉತ್ತರಿಸಿ.

ಮೂರನೆಯ ಮಾತೂ ಇದೆ. ತಾವು ಫೋನು ತೆಗೆದು, “ಅಮ್ಮಾ, ಇವತ್ತೂ ಬರೋಕಾಗಲ್ಲ. ಕಿಟಕಿ ಹತ್ರ ಕಾಯ್ತಾ ನಿಂತ್ಕೋಬೇಡ, ಕಾಲು ನೋಯತ್ತೆ” ಎಂದಿರಂತೆ. ಮೊದಲ ಎರಡು ಮಾತಿಗೆ ನಾನು ಕೊತಕೊತ ಕುದಿಯುತ್ತಿದ್ದೆ. ಮೂರನೆಯದನ್ನು ಹೇಳಿ ಅತ್ತೆಯವರು, “ಪಾಪ, ಅವ್ರ ಮುಖ ಬಾಡಿತ್ತು. ಬೈದು ಬರೀಬೇಡಿ” ಎಂದರು. ಬೈಯದೆ ಬರೆಯುವುದು ನನಗೆ ಬರುವುದಿಲ್ಲ, ಆದರೂ ಒಂದಿಷ್ಟು ಹೊಡೆದುಹಾಕಿದ್ದೇನೆ.

ಈ ಪತ್ರ ಅಚ್ಚಾಗಲು ಅವರ ಒಪ್ಪಿಗೆ ಬೇಕಿತ್ತು. ಎದುರಿಗೆ ಕೂತು ಓದಿ ಹೇಳಿದೆ. ಕಿವಿಯ ಮಾತು ಬಂದ ಕಡೆ ನಾನೇ ತಡವರಿಸಿದೆ. ಅವರು ಎದುರಿನ ಮಹಡಿಯತ್ತ ಒಮ್ಮೆ ನೋಡಿ, “ಹಾಕಿ ಅಳಿಯಂದ್ರೇ. ಕೇಳಲ್ಲ ಅಂತಾನೇ ಹಾಕಿ. ಮನೆ ಬಿಟ್ಟು ಹೋಗೋದಕ್ಕಿಂತ ಮರ್ಯಾದೆ ಹೋದ್ರೂ ಪರ್ವಾಗಿಲ್ಲ” ಎಂದರು. ಮಗಳಿಗೂ ಹೇಳದ ಮಾತನ್ನು ಅವರು ನಿಮಗೆ, ಊರೆಲ್ಲ ಓದುವ ಪತ್ರಿಕೆಯಲ್ಲಿ ಹೇಳುತ್ತಿದ್ದಾರೆ. ಅದು ಎಷ್ಟು ದೊಡ್ಡದೆಂದು ತಮಗೆ ತಿಳಿಯಬೇಕು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ನಾಡಿದ್ದು ಆಂಬುಲೆನ್ಸು ಬೇಡ, ತಾವೇ ಬನ್ನಿ. ಜೀಪನ್ನು ನಮ್ಮ ಕಿಟಕಿಗೆ ಕಾಣುವಂತೆ ನಿಲ್ಲಿಸಿ, ಗಾಜು ಏರಿಸಿಕೊಳ್ಳಿ, ತಮ್ಮ ರೂಢಿಯಂತೆ ಮಾಸ್ಕ್ ಗದ್ದಕ್ಕೆ ಇಳಿಸಿ. ಜ್ವರ, ಕೆಮ್ಮು, ವಾರ, ತಿಂಗಳು, ಏನು ಬೇಕಾದರೂ ಕೇಳಿ. ಮೇಲಿನಿಂದ ಅವರು ಉತ್ತರಿಸುತ್ತಾರೆ. ಆಮೇಲೂ ಅವರ ತಲೆ ಸರಿಯಿಲ್ಲ ಎನಿಸಿದರೆ ನಾನೇ ಕೈಹಿಡಿದು ಆಂಬುಲೆನ್ಸ್ ಹತ್ತಿಸುತ್ತೇನೆ. ಸರಿಯಿದೆ ಎನಿಸಿದರೆ ಆದೇಶವನ್ನು ಅಲ್ಲೇ ಹರಿದುಹಾಕಿ. ನಮ್ಮ ಬೀದಿಯ ತಂಟೆ ಅಲ್ಲಿಗೆ ಮುಗಿಯುತ್ತದೆ, ತಮಗೆ ಇಡೀ ಬೆಳಗು ಉಳಿಯುತ್ತದೆ. ಆಗ ಜೀಪನ್ನು ಕಚೇರಿಗೆ ತಿರುಗಿಸಬೇಡಿ, ತಾಯಿಯವರ ಮನೆಯ ಕಡೆಗೆ ತಿರುಗಿಸಿ. ತಮ್ಮ ತಾಯಿಯವರು ಬೇಡವೆಂದರೂ ಕಿಟಕಿಯಲ್ಲಿ ನಿಂತೇ ಇರುತ್ತಾರಂತೆ. ಇದು ನನ್ನ ಅತ್ತೆಯವರ ಮಾತು. ಅವರು ಫೋನಿನ ಆ ಬದಿಯನ್ನು ನೋಡಿಲ್ಲ, ಆದರೂ ಖಂಡಿತವಾಗಿ ಹೇಳುತ್ತಾರೆ.

ಇಂತಿ,
ತಗಡಿನ ಹಿಂದಿನಿಂದ, ಅರ್ಧ ಮೀಸೆಯ ಡ್ರೈವಿಂಗ್ ಮೇಷ್ಟ್ರು,
ತಮ್ಮ ಕಡತದಲ್ಲಿ ‘ಸದರಿ ವೃದ್ಧೆಯ ಅಳಿಯ’