ಮಲಗಿದ ಹುಲ್ಲಿಗೆ ನೀವು ಹಾಕಿಸಿದ ಬೀಗ

ಮಾನ್ಯ ಭೂಬಳಕೆ ಅಧಿಕಾರಿಗಳೇ,

ನಾವು ಗುತ್ತಿಗೆಗೆ ಪಡೆದು ದನ ಮೇಯಿಸುತ್ತಿರುವ ಹುಲ್ಲುಗಾವಲಿನ ಒಂಬತ್ತು ತುಂಡುಗಳಲ್ಲಿ ಎಂಟರ ಗೇಟಿಗೆ ತಾವು ಬೀಗ ಹಾಕಿಸಿದ್ದೀರಿ. ಕಾರಣ: ‘ಬಳಕೆಯಲ್ಲಿಲ್ಲ’. ಈ ಪತ್ರವನ್ನು ಸಿಟ್ಟಿನಲ್ಲಿ ಬರೆಯಬೇಕೆಂದು ಕಾದೆ. ಸಿಟ್ಟು ಬರಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇಷ್ಟೇ. ಮೂವತ್ತೊಂದು ದನ ಒಂದು ತುಂಡಿನಲ್ಲಿ ಐದು ದಿನ ಮೇಯುತ್ತವೆ. ಆರನೆಯ ಬೆಳಿಗ್ಗೆ ಪಕ್ಕದ ತುಂಡಿಗೆ. ಮೇಯ್ದ ಜಾಗಕ್ಕೆ ನಲವತ್ತು ದಿನ ಯಾರೂ ಕಾಲಿಡುವುದಿಲ್ಲ. ಬೇರು ಚೇತರಿಸಿಕೊಳ್ಳಲಿ, ಸಗಣಿ ಮಣ್ಣಿಗೆ ಸೇರಲಿ, ಹುಲ್ಲು ಮೊಣಕಾಲಿಗೆ ಬರಲಿ ಅಂತ. ಹದಿನಾಲ್ಕು ವರ್ಷದಿಂದ ನಮ್ಮ ಕೊಟ್ಟಿಗೆಗೆ ಹಿಂಡಿ ಮೂಟೆ ಬಂದಿಲ್ಲ. ಹೀಗೆ ಬಿಟ್ಟ ಹುಲ್ಲನ್ನು ನಮ್ಮ ಮನೆಯಲ್ಲಿ ‘ಮಲಗಿದೆ’ ಅನ್ನುತ್ತೇವೆ.

ತಮ್ಮ ಪರಿಶೀಲಕರು ಬಂದ ದಿನ ಮನೆಯಲ್ಲಿ ಅಕ್ಕ ಒಬ್ಬಳೇ. “ಈ ಎಂಟರಲ್ಲಿ ಯಾಕ್ರೀ ದನ ಇಲ್ಲ?” ಅಂದರಂತೆ. ಅಕ್ಕನಿಗೆ ತಮಾಷೆ ಜಾಸ್ತಿ. “ಆ ಎಂಟೂ ಮಲಗಿವೆ ಸಾರ್, ಮೆಲ್ಲಗೆ ಮಾತಾಡಿ,” ಅಂದಳು. ಅವರು ನಗಲಿಲ್ಲ, ಬರೆದುಕೊಂಡರು. ಮೂವತ್ತೊಂದು ದನ ವರ್ಷವಿಡೀ ಒಂದೇ ತುಂಡಿನಲ್ಲಿ ಹೊಟ್ಟೆ ಹೊರೆಯುತ್ತವೆ ಎಂದು ಅವರ ವರದಿ. ತಾವು ಸಹಿ ಮಾಡಿದಿರಿ. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಗಾದೆಯಲ್ಲಿ ಮಾತ್ರ ಇರುತ್ತಾರೆ ಅಂದುಕೊಂಡಿದ್ದೆ. ಭಾನುವಾರ ತಮ್ಮ ಕಚೇರಿಗೆ ಬಂದು, ಕುರ್ಚಿಗಳೆಲ್ಲ ಬಳಕೆಯಲ್ಲಿಲ್ಲ ಎಂದು ಬರೆದುಕೊಂಡು ನಾನೂ ಹೊತ್ತೊಯ್ಯಲೇ?

ಬೀಗ ಬಿದ್ದು ಹನ್ನೆರಡು ದಿನ. ಉಳಿದ ತುಂಡಿನಲ್ಲಿ ಈಗ ಬರೀ ಮಣ್ಣು ಕಾಣುತ್ತಿದೆ. ಹಿಂಡಿನ ಮುಂದೆ ನಡೆಯುವ ಹಸು, ನಾವು ಯಜಮಾನಿ ಅನ್ನುವವಳು, ಬೆಳಿಗ್ಗೆ ಎದ್ದು ಗೇಟಿಗೆ ಬಂದು ನಿಲ್ಲುತ್ತಾಳೆ. ತಂತಿಯಾಚೆ ಮೊಣಕಾಲುದ್ದ ಹುಲ್ಲು. ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ. ಏನೂ ಅನಿಸುವುದಿಲ್ಲ. ಹೀಗೇ ಆದರೆ ವಾರದೊಳಗೆ ಹಿಂಡನ್ನು ಮಾರಬೇಕು. ಅಕ್ಕ ಮಾತು ಬಿಟ್ಟಿದ್ದಾಳೆ. ಮೊನ್ನೆ ಹಾಲು ಕರೆಯುತ್ತಾ ಒಂದೇ ಸಲ ಬಾಯಿಬಿಟ್ಟಳು: “ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು ಕಣೋ.”

ಸೋಮವಾರದೊಳಗೆ ಎಂಟೂ ಬೀಗ ತೆಗೆಸಿ. ‘ಬಳಕೆಯಲ್ಲಿಲ್ಲ’ ಎಂಬುದನ್ನು ಹೊಡೆದುಹಾಕಿ ‘ವಿಶ್ರಾಂತಿಯಲ್ಲಿದೆ’ ಎಂದು ಬರೆಯಿರಿ. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೆ ಗೆರೆ ಎಳೆದುಕೊಳ್ಳಿ. ಬೀಗದ ಕೈ ಕೊಡಲು ದಯವಿಟ್ಟು ತಾವೇ ಬನ್ನಿ. ತಪ್ಪು ಅವಳ ತಮಾಷೆಯದಲ್ಲ ಎಂದು ಅಕ್ಕನಿಗೆ ಹೇಳಿ ಹೋಗಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಸದ್ಯಕ್ಕೆ ಬಳಕೆಯಲ್ಲಿಲ್ಲದ ಒಬ್ಬ ದನಗಾಹಿ