ಎರಡು ಕಡೆಗೂ ಒಬ್ಬನೇ ಅಜ್ಜ

ವಡಾಲ, 1974

ಇಮಾಮಬಿ ಆಪಾಗೆ ತಮ್ಮ ಮುರ್ತುಜಾನ ಸಲಾಮು.

ಕಡ್ಡಿಯಂತಿರುವ ನನಗೆ ಸಕ್ಕರೆ ರೋಗವಂತೆ, ಇಲ್ಲಿಯ ದವಾಖಾನೆಯಲ್ಲಿ ಪಕ್ಕ ಕುಳಿತಿದ್ದ ಡೊಳ್ಳುಹೊಟ್ಟೆಯ ಪಠಾಣನಿಗೆ ಇಲ್ಲವಂತೆ. ಇದು ಹೇಗೋ ನನಗಿನ್ನೂ ತಿಳಿದಿಲ್ಲ. ರೋಗ ವಂಶದಲ್ಲೇ ಇರಬೇಕೆಂದು ಧಾರವಾಡ ಕಡೆಯ ಡಾಕ್ಟರರು ಅಪ್ಪನ ಅಜ್ಜನ ಹೆಸರು ಬರೆದುಕೊಂಡರು. ಅಮ್ಮನ ಅಜ್ಜನ ಹೆಸರು ಕೇಳಿದಾಗಲೂ ಅದನ್ನೇ ಹೇಳಿದೆ.

"ಏ ತಮ್ಮಾ, ಅದು ಆತಲ್ಲೋ, ಅವ್ವನ ಕಡೀದು ಹೇಳು!"

"ಇಬ್ರಿಗೂ ಅವರೇ ಅಜ್ಜ ರೀ ಸಾಹೇಬ್ರ. ಅಪ್ಪ, ಅಮ್ಮ ಕಾಕಾ-ದೊಡ್ಡಪ್ಪನ ಮಕ್ಕಳ್ರಿ."

"ಹಂಗಾರ ಎರಡೂ ಕಡಿಂದ ಬಂದಿರಬೇಕು. ಅಕ್ಕ-ತಂಗೇರು ಅದಾರೇನು?"

ನೀನೂ ಕಾಕಾನ ಮಗನನ್ನೇ ಮದುವೆಯಾಗಿ ಈಗ ಬಸುರಿ ಎನ್ನಲು ನಾಚಿ ಎದ್ದು ಬಂದೆ. ತಪ್ಪಾಯಿತೋ ಏನೋ. ನನಗೆ ಗುಳಿಗೆ ಕೊಟ್ಟಿದ್ದಾರೆ, ಆರಾಮಿದ್ದೇನೆ. ನೀನು ವಿಜಾಪುರದ ದವಾಖಾನೆಯಲ್ಲಿ ಬೇಗ ಮೂತ್ರ ಪರೀಕ್ಷೆ ಮಾಡಿಸು, ಸಕ್ಕರೆ ಇದೆಯೋ ನೋಡಲಿ. ಅಲ್ಲಿ ಕೇಳಿದರೆ ನನ್ನಂತೆ ನಾಚಬೇಡ.