ಕಾರಣ: ಮನೆ ಬದಲಾವಣೆ

ಮಾರ್ಚ್ 3, ಮಂಗಳವಾರ

ಎರಡನೇ ತಿಂಗಳೂ ನನ್ನ ಅಂದಾಜು ತಪ್ಪಿತು. ಫೆಬ್ರವರಿ ಕೊನೆಗೆ ಇಷ್ಟು ಡಿಶ್ ಚಾಲೂ ಇರುತ್ತವೆ ಎಂದು ನಾನು ಬರೆದದ್ದೊಂದು, ಆದದ್ದೊಂದು. ಜನವರಿಯಲ್ಲೂ ಹಾಗೇ. ಈ ಸ್ಯಾಟಲೈಟ್ ಟಿವಿ ಕಂಪನಿಯ ಮುಂದಿನ ತಿಂಗಳುಗಳು ಹೇಗಿರುತ್ತವೆ ಎಂದು ಹೇಳುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ. ಆಫೀಸಿನಲ್ಲಿ ನನಗೆ ಜ್ಯೋತಿಷಿ ಎಂದು ಹೆಸರು. ಇವತ್ತು ಲಿಫ್ಟಿನಲ್ಲಿ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದೆ. ಎಲ್ಲರೂ ಫೋನ್ ನೋಡುತ್ತಿದ್ದರು.

ಬಾಸ್ ಮಾತ್ರ ನಗುನಗುತ್ತಲೇ ಇದ್ದರು. ಅವರಿಗೆ ನಾನಿಟ್ಟ ಹೆಸರು ಪಾಸಿಟಿವ್. ಬೆಂಕಿ ಬಿದ್ದರೂ ಮೈ ಕಾಯಿಸಿಕೊಳ್ಳೋಣ ಎನ್ನುವ ಮನುಷ್ಯ. "ಪಾಸಿಟಿವ್ ಆಗಿ ನೋಡಿ ಮೇಡಂ. ಜನ ಮನೆ ಬದಲಾಯಿಸ್ತಿದಾರೆ ಅಷ್ಟೇ. ಸೆಟ್ಲ್ ಆದ ಮೇಲೆ ವಾಪಸ್ ಬಂದೇ ಬರ್ತಾರೆ."

ನನ್ನ ಶೀಟೂ ಅದನ್ನೇ ಹೇಳುತ್ತದೆ. ಕನೆಕ್ಷನ್ ಬಿಟ್ಟ ಹತ್ತು ಜನರಲ್ಲಿ ಆರು ಜನರ ಹೆಸರಿನ ಮುಂದೆ ಒಂದೇ ಕಾರಣ: ಮನೆ ಬದಲಾವಣೆ. ಮನೆ ಬದಲಾಯಿಸಿದವರು ಮೂರು ತಿಂಗಳಲ್ಲಿ ಹೊಸ ವಿಳಾಸಕ್ಕೆ ಡಿಶ್ ಹಾಕಿಸಿಕೊಳ್ಳುತ್ತಾರೆ. ಹಿಂದೆಲ್ಲ ಹಾಗೇ ಆಗಿದೆ, ಅದನ್ನು ನಂಬಿಯೇ ಮುಂದಿನದನ್ನು ಬರೆದೆ. ಈಗ ಬರುತ್ತಿಲ್ಲ. ಎಲ್ಲಿ ಹೋಗಿ ಕೂತಿದ್ದಾರೆ ಇವರೆಲ್ಲ? ನನ್ನ ಪಟ್ಟಿಯ ಪ್ರಕಾರ ಅರ್ಧ ಊರು ಗಂಟುಮೂಟೆ ಹೊತ್ತು ಬೀದಿಯಲ್ಲಿರಬೇಕು. ಕಿಟಕಿಯಿಂದ ನೋಡಿದೆ. ಒಂದು ಸಾಮಾನಿನ ಗಾಡಿಯೂ ಕಾಣಲಿಲ್ಲ.

ಮಾರ್ಚ್ 4, ಬುಧವಾರ

ತಮ್ಮನ ಫೋನ್. ಇದೇ ಕಂಪನಿಯ ಡಿಪೋದಲ್ಲಿ ಡಿಶ್ ಹಾಕುವವನು. ಹದಿನಾಲ್ಕು ವರ್ಷದಿಂದ ಏಣಿ ಹತ್ತಿ ಇಳಿಯುತ್ತಿದ್ದಾನೆ.

ನೆಲದಡಿ ಇಂಟರ್ನೆಟ್ ಕೇಬಲ್ ಎಳೆಯುವ ಕಂಪನಿಯೊಂದು ಕೆಲಸದವರನ್ನು ಸೇರಿಸಿಕೊಳ್ಳುತ್ತಿದೆಯಂತೆ. 13ನೇ ತಾರೀಖು ಶುಕ್ರವಾರ ಅರ್ಜಿಗೆ ಕೊನೆ. ಡಿಪೋದ ಅರವತ್ತು ಜನರಲ್ಲಿ ಒಬ್ಬನೂ ಹಾಕಿಲ್ಲ. ಕಾರಣ ನಾನು. ಜನವರಿಯಲ್ಲಿ ಸೂಪರ್‌ವೈಸರ್ ನನ್ನ ರಿಪೋರ್ಟಿನ ಸಾಲನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ್ದಾನೆ. ವರ್ಷದ ಕೊನೆಗೆ ಗಿರಾಕಿಗಳ ಸಂಖ್ಯೆ ಮತ್ತೆ ಏರುತ್ತದೆ…

"ಬರೆದಿರೋದು ನಮ್ಮಕ್ಕ ಅಂತ ಎದೆ ಉಬ್ಬಿಸಿ ಹೇಳ್ದೆ. ಎಲ್ರೂ ಬೇರೆ ಕೆಲಸ ಹುಡುಕೋದನ್ನೇ ಬಿಟ್ಬಿಟ್ರು. ಏರುತ್ತೆ ತಾನೇ ಅಕ್ಕಾ?"

"ಏರುತ್ತೆ ಕಣೋ."

ಫೋನಿಟ್ಟ ಮೇಲೆ ಶೀಟನ್ನು ಮತ್ತೆ ತೆರೆದೆ.

ಮಾರ್ಚ್ 5, ಗುರುವಾರ. ಮಧ್ಯಾಹ್ನ

ಊಟ ಬಿಟ್ಟೆ. 'ಮನೆ ಬದಲಾವಣೆ' ಪಟ್ಟಿಯಿಂದ ನಲವತ್ತು ಹೆಸರು ಆರಿಸಿ ನಾನೇ ಫೋನ್ ಮಾಡುತ್ತಾ ಹೋದೆ. ಮೂರನೆಯವರು ವಯಸ್ಸಾದವರು.

"ಹೊಸ ಮನೆ ಹೇಗಿದೆ ಸರ್?"

"ಯಾವ ಹೊಸ ಮನೆ?"

"ನೀವು ಮನೆ ಬದಲಾಯಿಸಿದ್ರಿ ಅಂತ…"

"ನಾನಾ? ಈ ಮಂಡಿ ಇಟ್ಕೊಂಡು? ಬಚ್ಚಲಿಗೆ ಹೋಗೋಕೇ ಅರ್ಧ ಗಂಟೆ ಬೇಕು ತಾಯಿ. ನಲವತ್ತು ವರ್ಷದಿಂದ ಇದೇ ಮನೇಲಿದೀನಿ. ನಿಮ್ಮ ಡಿಶ್ ಬೇಡ ಅಂದೆ, ಅಷ್ಟೇ. ಮೊಮ್ಮಗಳು ಫೋನಲ್ಲೇ ಎಲ್ಲಾ ಹಾಕ್ಕೊಡ್ತಾಳೆ."

ಮೂವತ್ತಾರು ಜನ ಫೋನ್ ಎತ್ತಿದರು. ನಿಜವಾಗಿ ಮನೆ ಬದಲಾಯಿಸಿದವರು ಇಬ್ಬರು. ಇಬ್ಬರೇ ಇಬ್ಬರು! ಒಬ್ಬಾಕೆ ತರಾಟೆಗೆ ತೆಗೆದುಕೊಂಡಳು. ಬೇಡ ಬೇಡ ಅಂತ ನಾಲ್ಕು ಸಲ ಹೇಳಿದೀನಿ, ಕಿವಿ ಕೇಳಿಸಲ್ವಾ ನಿಮಗೆ? ಬೈಸಿಕೊಂಡೆ. ನ್ಯಾಯವಾದ ಬೈಗುಳ.

ಮಾರ್ಚ್ 6, ಶುಕ್ರವಾರ

ನನ್ನ ಮಹಡಿಯಿಂದ ಕಾಲ್ ಸೆಂಟರ್ ಹಾಲಿಗೆ ಎರಡೇ ಮಹಡಿ. ಹನ್ನೊಂದು ವರ್ಷದಲ್ಲಿ ಇವತ್ತು ಮೊದಲ ಸಲ ಇಳಿದೆ. ಕನೆಕ್ಷನ್ ಬೇಡ ಎಂದವರ ಜೊತೆ ಮಾತಾಡುವ ಹುಡುಗಿಯ ಪಕ್ಕ ಸ್ಟೂಲು ಎಳೆದು ಕೂತೆ. ಚೆನ್ನಾಗಿ ಬೈಯಬೇಕೆಂದೇ ಹೋಗಿದ್ದೆ.

"ರೇಟ್ ಜಾಸ್ತಿ, ಇಂಟರ್ನೆಟ್ ಸಾಕು ಅಂತೆಲ್ಲ ಹಾಕಿದ್ರೆ ಗಿರಾಕಿ ಹೋದದ್ದು ನಮ್ಮ ಹೆಸರಿಗೆ ಲಾಸ್ ಅಂತ ಬೀಳುತ್ತೆ ಮೇಡಂ. ಸಾಯಂಕಾಲ ಎಲ್ಲರ ಮುಂದೆ ನಿಲ್ಲಿಸಿ ಮಾನ ಕಳೀತಾರೆ. ಮನೆ ಬದಲಾವಣೆ ಅಂತ ಒತ್ತಿದ್ರೆ ಯಾರೂ ಏನೂ ಕೇಳಲ್ಲ."

"ಯಾವಾಗಿಂದ ಹೀಗೆ?"

"ನಾನು ಸೇರಿದ ದಿನಾನೇ ಹೇಳ್ಕೊಟ್ರು. ಎರಡು ವರ್ಷ ಆಯ್ತು. ಆಗ ದಿನಕ್ಕೆ ಒಬ್ರೋ ಇಬ್ರೋ, ಈಗ ಲೆಕ್ಕವೇ ಇಲ್ಲ. ಯಾಕೆ ಮೇಡಂ, ಅದನ್ನ ಯಾರಾದ್ರೂ ನೋಡ್ತಾರಾ?"

ನೋಡುವವಳು ನಾನೇ, ಪಕ್ಕದಲ್ಲೇ ಕೂತಿದ್ದೆ. ಬೈಯುವುದು ಬಿಟ್ಟು ಅವಳ ಸ್ಕ್ರೀನ್ ನೋಡಿದೆ. ಅವಳ ಕಿವಿಯ ಮೇಲೆ ಹೆಡ್‌ಸೆಟ್ಟಿನ ಕೆಂಪು ಗೆರೆ. ನಾವು ಮಾತಾಡುವಷ್ಟರಲ್ಲೇ ಇನ್ನೂ ಮೂವರನ್ನು ಮನೆ ಬಿಡಿಸಿದಳು.

ಮೇಲೆ ಬಂದು ಸುಳ್ಳು ಕಾರಣಗಳನ್ನೆಲ್ಲ ತೆಗೆದು ಹೊಸದಾಗಿ ಅಂದಾಜು ಮಾಡಿದೆ. ಏರುವ ಮಾತೇ ಇಲ್ಲ. ಡಿಸೆಂಬರ್ ಹೊತ್ತಿಗೆ ಈ ಊರಲ್ಲಿ ಹೊಸದಾಗಿ ಡಿಶ್ ಹಾಕಿಸಿಕೊಳ್ಳುವುದು ದಿನಕ್ಕೆ ನಾಲ್ಕು ಮನೆ. ನಾಲ್ಕು ಮನೆಗೆ ಅರವತ್ತು ಜನ! ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಬಂತು.

ಮಾರ್ಚ್ 8, ಭಾನುವಾರ

ಗಂಡನಿಗೆ ಹೇಳಿದೆ. ಅವರು ಟಿವಿ ಕೆಳಗಿನ ನಮ್ಮ ಕಂಪನಿಯ ಬಾಕ್ಸ್ ಮೇಲೆ ಬೆರಳೆಳೆದು ತೋರಿಸಿದರು. ಎರಡು ತಿಂಗಳ ಧೂಳು. "ಆಫೀಸಿಗೆ ಯಾಕೆ ಹೋಗ್ತೀಯ? ಇದನ್ನ ನೋಡಿದ್ರೇ ಭವಿಷ್ಯ ಗೊತ್ತಾಗ್ತಿತ್ತಲ್ಲೇ."

ದೀಪದ ಬುಡದಲ್ಲಿ ಕತ್ತಲೆ. ನಿಜ, ಆದರೂ ಮೈಯೆಲ್ಲ ಉರಿಯಿತು. ದಿನವೆಲ್ಲ ಅವರ ಹತ್ತಿರ ಮಾತಾಡಲಿಲ್ಲ. ಧೂಳನ್ನೂ ಒರೆಸಲಿಲ್ಲ.

ಮಾರ್ಚ್ 9, ಸೋಮವಾರ

ಚಪ್ಪಲಿಯನ್ನೂ ಬಿಡದೆ ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಪಾಸಿಟಿವ್ ಮುಂದೆ ಎಲ್ಲವನ್ನೂ ಇಟ್ಟೆ. ಮೂವತ್ತಾರು ಜನ, ಇಬ್ಬರು, ನಾಲ್ಕು ಮನೆ. ನಗು ಮಾಸಲಿಲ್ಲ. "ಮುಂದಿನ ಸೋಮವಾರ ದೊಡ್ಡವರ ಮೀಟಿಂಗ್ ಇದೆ. ಅಲ್ಲೀವರೆಗೂ ಇದು ಈ ರೂಮ್ ದಾಟಬಾರದು."

"ಡಿಪೋದವರಿಗೆ ಬೇರೆ ಕೆಲಸ ಸಿಗ್ತಿದೆ ಸರ್. ಈ ಶುಕ್ರವಾರ ಕೊನೇ ದಿನ."

"ಗೊತ್ತು."

"ಗೊತ್ತಾ?"

"ಮೇಡಂ, ಅರವತ್ತು ಜನ ಒಟ್ಟಿಗೆ ಎದ್ದು ಹೋದ್ರೆ ಇರೋ ಗಿರಾಕಿಗಳ ರಿಪೇರಿ ಯಾರು ಮಾಡ್ತಾರೆ? ಡಿಸೆಂಬರ್‌ವರೆಗೂ ಅವರು ಬೇಕು ನಮಗೆ."

ಡಿಸೆಂಬರ್ ಆದ ಮೇಲೆ? ಕೇಳಿದೆ. ಪಾಸಿಟಿವ್ ಆಗಿರಿ ಎಂದರು. ಬಾಗಿಲ ತನಕ ಬಂದು, ಮೆತ್ತಗೆ, ಮನೆಯವರಂತೆ: "ಸೇರುವಾಗ ಸೈನ್ ಹಾಕಿದೀರಿ, ನೆನಪಿದೆಯಲ್ಲ? ಒಳಗಿನ ನಂಬರ್ ಹೊರಗೆ ಹೋದ್ರೆ ನಿಮ್ಮ ಕೆಲಸ ಹೋಗುತ್ತೆ."

ನೀಚ. ಇಲ್ಲಿ ಬರೆದರಾದರೂ ತಣ್ಣಗಾಗುತ್ತದೇನೋ ಎಂದುಕೊಂಡೆ. ಆಗಲಿಲ್ಲ. ನೀಚ.

ಮಾರ್ಚ್ 11, ಬುಧವಾರ

ನಿನ್ನೆ ಬರೆಯಲಿಲ್ಲ. ನಿನ್ನೆ ಏನನ್ನೂ ಮಾಡಲೂ ಇಲ್ಲ. ಕೆಲಸ ಹೋದರೆ ಏನು ಗತಿ ಎಂದು ಬೆಳಗಿನಿಂದ ಸಂಜೆವರೆಗೆ ಹೆದರಿ ಕೂತೆ. ಅದಕ್ಕೂ ನನ್ನ ಮೇಲೇ ಸಿಟ್ಟು.

ಇವತ್ತು ತಮ್ಮನ ಮನೆಗೆ ಹೋದೆ. ಹೊರಬಾಗಿಲ ಬಳಿ ಕೂತು ಡ್ರಿಲ್ಲಿಂಗ್ ಮೆಷಿನ್ ಒರೆಸುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ.

"ಆ ಮನೆ ಬದಲಾವಣೆ ಅನ್ನೋದೆಲ್ಲ ಸುಳ್ಳು ಕಣೋ."

"ಹೂಂ. ಅದು ಗೊತ್ತಲ್ಲ."

"ಏನು ಗೊತ್ತು?"

"ಬಿಟ್ಟ ಡಿಶ್ ಬಿಚ್ಚೋಕೆ ನಾವೇ ತಾನೇ ಹೋಗೋದು? ಚೀಟೀಲಿ ಮನೆ ಬದಲಾವಣೆ ಅಂತಿರುತ್ತೆ. ಹೋದ್ರೆ ಜನ ಆರಾಮಾಗಿ ಕೂತು ಟೀ ಕುಡೀತಿರ್ತಾರೆ. ನಮಗೂ ಒಂದು ಲೋಟ ಕೊಡ್ತಾರೆ. ಡಿಪೋದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು."

"ಮತ್ತೆ ನಾನು ಬರೆದಿದ್ದನ್ನ ಯಾಕ್ರೋ ನಂಬಿದ್ರಿ?"

ಮೆಷಿನ್ ಕೆಳಗಿಟ್ಟು ನನ್ನ ಮುಖ ನೋಡಿದ. "ನೀನು ಅದನ್ನೆಲ್ಲ ಕಳೆದೇ ಬರೆದಿರ್ತೀಯ ಅಂದ್ಕೊಂಡ್ವಿ. ಓದಿದೋಳಲ್ವಾ ನೀನು."

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಟೀ ಕೊಟ್ಟವರಿಗೆ, ಕುಡಿದವರಿಗೆ. ಗೊತ್ತಿಲ್ಲದವಳು ನಾನೊಬ್ಬಳು, ಮುಂದಾಗುವುದನ್ನು ಹೇಳುವವಳು!

ಡಿಸೆಂಬರ್‌ಗೆ ದಿನಕ್ಕೆ ನಾಲ್ಕೇ ಮನೆ, ಯಾರಿಗೂ ಹೇಳಬೇಡ, ನಾಳೆಯೇ ಅರ್ಜಿ ಹಾಕು ಎಂದೆ. ಅವನಿಗೆ ರೇಗಿತು.

"ನಾನೊಬ್ನೇ ಹೋಗ್ಲಾ? ನಮ್ಮಕ್ಕ ಹೇಳಿದಾಳೆ ಅಂತ ಅವರನ್ನ ಕೂರ್ಸಿದೋನೇ ನಾನು. ಈಗ ನಾನು ಹೋಗಿ ಉಲ್ಟಾ ಹೇಳಿದ್ರೆ ಯಾರು ನಂಬ್ತಾರೆ? ನೀನೇ ಬಂದು ಹೇಳು. ಬರಲ್ಲ ಅಂದ್ರೆ ಬಿಡು, ನಾನೂ ಹೋಗಲ್ಲ."

"ನನ್ನ ಕೆಲಸ ಹೋಗುತ್ತೋ!"

"ನಿಂದೊಂದು. ನಮ್ದು ಅರವತ್ತು."

ಇಬ್ಬರೂ ಕೂಗಾಡಿದೆವು. ಅಕ್ಕಪಕ್ಕದವರು ಕೇಳುತ್ತಾರೆಂದು ಅವನ ಹೆಂಡತಿ ಕಿಟಕಿ ಹಾಕಿದಳು. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಬಂದೆ. ಮೊಂಡ. ಚಿಕ್ಕಂದಿನಿಂದಲೂ ಮೊಂಡ. ಅವನು ಹೇಳಿದ್ದು ಸರಿ ಎನ್ನುವುದಕ್ಕೇ ಹೆಚ್ಚು ಸಿಟ್ಟು.

ಮಾರ್ಚ್ 12, ಗುರುವಾರ

ಬೆಳಿಗ್ಗೆ ಎಲ್ಲ ಡಿಪೋಗಳಿಗೂ ಪಾಸಿಟಿವ್ ಕಳಿಸಿದ ಮೇಲ್ ನನಗೂ ಬಂತು. 'ವದಂತಿಗಳಿಗೆ ಕಿವಿಗೊಡಬೇಡಿ.' ಕೆಳಗೆ ಜನವರಿಯ ನನ್ನ ಅದೇ ಸಾಲು, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ನನ್ನ ಹೆಸರು. ಸುಳ್ಳೆಂದು ನಾನೇ ಹೇಳಿ ಮೂರು ದಿನವಾಗಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ.

ತಮ್ಮನಿಗೆ ಮೆಸೇಜ್ ಹಾಕಿದೆ: ನಾಳೆ ಬೆಳಿಗ್ಗೆ ಏಳೂವರೆ. ಎಲ್ಲರನ್ನೂ ನಿಲ್ಲಿಸು.

'ಸರಿ ಅಕ್ಕ' ಎಂದಷ್ಟೇ ಬಂತು.

ಗಂಡ ಕೇಳಿದರು, ಕೆಲಸ ಹೋಗುತ್ತೆ ಗೊತ್ತಲ್ವಾ? ಗೊತ್ತು ಎಂದೆ. ಅಲಾರಂ ಇಡುತ್ತಾ, "ಏಳು ಗಂಟೆಗೆ ಬಿಟ್ಟು ಬರ್ತೀನಿ, ಬೇಗ ರೆಡಿಯಾಗು" ಎಂದರು.

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ 7:20

ಡಿಪೋ ಅಂಗಳ. ವ್ಯಾನೊಂದರ ಮೆಟ್ಟಿಲ ಮೇಲೆ ಕೂತಿದ್ದೇನೆ. ಬರೆಯುತ್ತಿದ್ದರೆ ಧೈರ್ಯವಿರುತ್ತದೆ.

ಬಿಚ್ಚಿ ತಂದ ಡಿಶ್‌ಗಳ ರಾಶಿ ಕಾಂಪೌಂಡ್ ಗೋಡೆಗೆ ಒರಗಿದೆ. ಗೋಡೆಗಿಂತ ಎತ್ತರ. ತಳದಲ್ಲಿರುವವು ತುಕ್ಕು ಹಿಡಿದು ಎಷ್ಟು ಕಾಲವಾಯಿತೋ. ಒಂದು ದಿನ, ಒಂದೇ ಒಂದು ದಿನ ಬಂದು ನೋಡಿದ್ದರೆ ಸಾಕಿತ್ತು.

ಒಬ್ಬೊಬ್ಬರೇ ಬರುತ್ತಿದ್ದಾರೆ. ಹೆಗಲ ಮೇಲೆ ಬ್ಯಾಗು, ಸೊಂಟದಲ್ಲಿ ಬೆಲ್ಟು. ನಾನು ಯಾರೆಂದು ತಮ್ಮ ಹೇಳಿರಬೇಕು. ತಲೆ ನರೆತವರೊಬ್ಬರು ಹತ್ತಿರ ಬಂದು ಎರಡೂ ಕೈ ಜೋಡಿಸಿದರು.

"ನೀವೇನಾ ಅಕ್ಕಾವ್ರು? ನೀವು ಬರೆದಿದ್ದು ಕೇಳಿದ ಮೇಲೆ ನಮಗೆ ನೆಮ್ಮದಿ. ಹೋದ ತಿಂಗಳು ಅಳಿಯನ್ನೂ ಇಲ್ಲಿಗೇ ಸೇರಿಸ್ಬಿಟ್ಟೆ. ಇದ್ದ ಕೆಲಸ ಬಿಡಿಸಿ."

ನಗುತ್ತಾ ಹೋಗಿ ಮುಂದಿನ ಸಾಲಿನಲ್ಲೇ ನಿಂತಿದ್ದಾರೆ. ಪಕ್ಕದಲ್ಲಿರುವವನೇ ಅಳಿಯನಿರಬೇಕು. ಸೂಪರ್‌ವೈಸರ್ ಯಾರಿಗೋ ಫೋನ್ ಮಾಡುತ್ತಿದ್ದಾನೆ, ನನ್ನನ್ನೇ ನೋಡುತ್ತಾ. ಮಾಡಲಿ.

ತಮ್ಮ ಕೈ ಬೀಸಿ ಕರೆಯುತ್ತಿದ್ದಾನೆ. ಮೊದಲು ಯಾವುದನ್ನು ಹೇಳಲಿ? ಇವತ್ತೇ ಅರ್ಜಿ ಹಾಕಿ ಎಂದೋ, ಅಥವಾ ನಿಮ್ಮನ್ನು ಒಂದು ಮಾತೂ ಕೇಳದೆ ನಾನು ಆ ಸಾಲು ಬರೆದೆ ಎಂದೋ? ಏಳುತ್ತೇನೆ.